ಎರಡು ಬದಿಗೆ ಎರಡು ಅಳತೆ

ಮೇ ತಿಂಗಳಿನಲ್ಲಿ ನಮ್ಮ ಕೆಲಸದವರಿಗೆ ಕುತ್ತಿಗೆ ಎಂಬುದು ಇರುವುದಿಲ್ಲ, ಅದರ ನೋವು ಮಾತ್ರ ಇರುತ್ತದೆ. ಆ ವರ್ಷ ಮದುವೆಗಳು ಒಂದರ ಮೇಲೊಂದು ಬಿದ್ದಿದ್ದವು. ಕಾಪು ಪೇಟೆಯಲ್ಲಿ, ಹೆದ್ದಾರಿ ಬದಿಯ ಕಟ್ಟಡದ ಮಹಡಿಯಲ್ಲಿ ನನ್ನ ಹೊಲಿಗೆ ಅಂಗಡಿ. ಗೋಡೆಗೆ ಬಿಗಿದ ತಂತಿ ಸರಿಗೆಯಲ್ಲಿ ಮದುವೆ ರವಿಕೆಗಳು ತೂಗುತ್ತಿದ್ದವು. ಕೆಲವಕ್ಕೆ ತೋಳಿಲ್ಲ, ಕೆಲವಕ್ಕೆ ಬೆನ್ನಿಲ್ಲ, ಎಲ್ಲದಕ್ಕೂ ಅವಸರ ಉಂಟು. ಸೆಕೆಗೆ ಫ್ಯಾನಿನ ಗಾಳಿಯೂ ಬಿಸಿಯಾಗಿ ಬರುತ್ತಿತ್ತು. ಊಟ ಮುಗಿಸಿ, ಕತ್ತರಿಸುವ ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚುವುದು ನನ್ನ ಕ್ರಮ. ಸರಿಯಾಗಿ ಆ ಹೊತ್ತಿಗೇ ಅವರು ಮೆಟ್ಟಿಲು ಹತ್ತಿ ಬಂದರು.

ಬಂದವರಿಗೆ ನಲವತ್ತೈದರ ಆಚೀಚೆ ಇರಬಹುದು. ಕೂದಲು ಗಿಡ್ಡ, ಈಗಷ್ಟೇ ಬೆಳೆಯತೊಡಗಿದಂತೆ ನೆಟ್ಟಗೆ ನಿಂತಿತ್ತು. ಮೈಮೇಲೆ ದೊಗಲೆ ಕುರ್ತಾ. ಬಲಗೈಗೆ ಮಣಿಕಟ್ಟಿನಿಂದ ರಟ್ಟೆಯವರೆಗೆ ಚರ್ಮದ ಬಣ್ಣದ ಬಿಗಿಯಾದ ಪಟ್ಟಿ. ಇಲ್ಲವೆನ್ನಲು ನಾನು ಮೊದಲೇ ಸಿದ್ಧಳಾಗಿದ್ದೆ.

"ಜೂನ್‌ವರೆಗೆ ಹೊಸ ಕೆಲಸ ತಗೊಳ್ಳುವುದಿಲ್ಲ" ಎಂದೆ.

"ಹೊಸದಲ್ಲ. ಹೊಲಿದು ಆಗಿದೆ. ಅದನ್ನು ನನ್ನ ಥರ ಮಾಡಿಕೊಡಬೇಕು, ಅಷ್ಟೆ."

'ಅಷ್ಟೆ' ಎಂದು ಬರುವ ಕೆಲಸಕ್ಕೆ ನಾನು ಹೆದರುತ್ತೇನೆ. ಆದರೂ ಅವರು ಚೀಲದಿಂದ ತೆಗೆದು ಮೇಜಿನ ಮೇಲೆ ಹರಡಿದಾಗ ಕೈ ತಾನಾಗಿ ಅದರ ಕಡೆಗೆ ಹೋಯಿತು. ಉಡುಪಿ ಕೈಮಗ್ಗದ ಸೀರೆಯಿಂದ ಮಾಡಿದ ಉದ್ದನೆಯ ಡ್ರೆಸ್. ಬೂದು ನೀಲಿ ಬಣ್ಣ, ಒಳಗೆ ಚಿಕ್ಕ ಚಿಕ್ಕ ಚೌಕಳಿ, ಕೆಳಗೆ ಸುತ್ತಲೂ ಕೆಂಪು ಅಂಚು. ಕುತ್ತಿಗೆಗೆ ಲೇಸಿನ ಕಾಲರ್, ಭುಜದ ಬಳಿ ನೆರಿಗೆ ಕೊಟ್ಟು ಉಬ್ಬಿಸಿದ ತೋಳು, ಸೊಂಟದಲ್ಲಿ ಬಿಗಿ. ಒಳಮೈ ತಿರುಗಿಸಿ ನೋಡಿದೆ. ಎಲ್ಲಿಯೂ ಮಿಷನಿನ ಹೊಲಿಗೆ ಇಲ್ಲ. ಸೂಜಿಯನ್ನು ಒಂದು ಹೆಜ್ಜೆ ಹಿಂದೆ ಹಾಕಿ ಎರಡು ಹೆಜ್ಜೆ ಮುಂದೆ ತೆಗೆಯುವ ಕೈಹೊಲಿಗೆ, ಎಳ್ಳಿನಷ್ಟು ಸಣ್ಣದು.

"ಯಾರು ಹೊಲಿದದ್ದು?"

"ನನ್ನ ಅಕ್ಕ. ಮಣಿಪಾಲದಲ್ಲಿ ನನಗೆ ಕೀಮೋ ಕೊಡುವಾಗ ಪಕ್ಕದಲ್ಲಿ ಕೂತು ಹೊಲಿದದ್ದು. ಅಲ್ಲಿ ಮಿಷನ್ ಎಲ್ಲಿಂದ?"

ಆಮೇಲೆ ತಮ್ಮ ವಿಷಯವನ್ನು ಪಾಠ ಹೇಳುವವರ ಹಾಗೆ ಒಂದೊಂದಾಗಿ ಹೇಳಿದರು. ಕಾರ್ಕಳದ ಒಂದು ಕಾಲೇಜಿನಲ್ಲಿ ಚರಿತ್ರೆಯ ಲೆಕ್ಚರರ್. ಮನೆ ಇಲ್ಲೇ ಕಾಪುವಿನಲ್ಲಿ, ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ. ಬಲಬದಿಯ ಎದೆಯನ್ನು ಪೂರ್ತಿ ತೆಗೆದಿದ್ದಾರೆ, ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ, ಹಾಗಾಗಿ ಕೈಗೆ ಬಾವು ಬರುತ್ತದೆ. ರಜೆ ಮುಗಿಯಿತು. ಜೂನಿನಲ್ಲಿ ಕಾಲೇಜು ಶುರುವಾಗುವ ದಿನ ಈ ಡ್ರೆಸ್ ಹಾಕಿಕೊಂಡು ಹೋಗಬೇಕು. ಮನೆಯಲ್ಲಿ ಅವರ ಮಾತು ಕೊಂಕಣಿ, ನನ್ನದು ತುಳು. ಆದರೆ ತರಗತಿಯ ಅಭ್ಯಾಸವೋ ಏನೋ, ಅವರು ಕೊನೆಯವರೆಗೂ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಿದರು.

"ಲೇಸ್ ಬೇಡ. ತೋಳಿನ ಉಬ್ಬು ಬೇಡ. ಸೊಂಟ ಬಿಡಬೇಕು. ಎರಡು ಜೇಬು ಬೇಕು. ನಾನು ಯಾವಾಗಲೂ ನೆಟ್ಟಗಿನ ಬಟ್ಟೆ ಹಾಕುವವಳು. ಇದನ್ನು ಹಾಕಿದರೆ ಯಾರದ್ದೋ ಮದುವೆಗೆ ಹೋದ ಹಾಗೆ ಕಾಣುತ್ತೇನೆ. ಮತ್ತೆ, ಈ ಬದಿಗೆ ಪ್ಯಾಡ್ ಹಾಕುವುದು ಬೇಡ."

"ಪ್ಯಾಡ್ ಇಲ್ಲದಿದ್ದರೆ ಬಟ್ಟೆ ಒಳಗೆ ಬೀಳುತ್ತದಲ್ಲ ಮೇಡಂ."

"ಬೀಳಬಾರದು. ಅದಕ್ಕೇ ನಿಮ್ಮ ಹತ್ತಿರ ಬಂದದ್ದು. ಅಡಗಿಸುವುದು ಬೇಡ, ತೋರಿಸುವುದೂ ಬೇಡ. ನಾನು ಹೇಗಿದ್ದೇನೋ ಅದಕ್ಕೆ ಸರಿಯಾಗಿ ಕೂರಬೇಕು."

ನಾನು ಟೇಪ್ ತೆಗೆದೆ. ಎದೆಯ ಸುತ್ತಳತೆ ಎಂದರೆ ನಮಗೆ ಒಂದೇ ಸುತ್ತು, ಒಂದೇ ಅಂಕೆ. ಅವರ ಬೆನ್ನಿನಿಂದ ಟೇಪ್ ಸುತ್ತಿ ಮುಂದೆ ತಂದಾಗ ನನ್ನ ಕೈ ಬಲಬದಿಯ ಹತ್ತಿರ ಸ್ವಲ್ಪ ತಡೆಯಿತು.

"ಎಳೆಯಿರಿ" ಎಂದರು. "ನೋಯುವುದಿಲ್ಲ. ಅಲ್ಲಿ ಮುಟ್ಟಿದರೆ ನನಗೆ ಗೊತ್ತೇ ಆಗುವುದಿಲ್ಲ."

ಅಳತೆ ಬರೆದುಕೊಂಡೆ. ಅವರು ಹೋದ ಮೇಲೆ ಮತ್ತೆ ತಲೆಯಿಟ್ಟು ಮಲಗಲು ನೋಡಿದೆ, ನಿದ್ದೆ ಬರಲಿಲ್ಲ.

ಆ ಭಾನುವಾರ ಇಗರ್ಜಿಯ ಪ್ರಾರ್ಥನೆ ಬಿಟ್ಟ ಮೇಲೆ ಅವರ ಅಕ್ಕ ಒಬ್ಬರೇ ಬಂದರು. ದುಂಡು ಮುಖ, ಬೆವರು ಒರೆಸುತ್ತಲೇ ಒಳಗೆ ಬಂದವರು "ನಾನು ಲೆಕ್ಚರರ್‌ನ ಅಕ್ಕ" ಎಂದು ಹೇಳಿ ಕುರ್ಚಿಯಲ್ಲಿ ಕೂತರು. ಮಸ್ಕತ್ತಿನಲ್ಲಿ ಬಹಳ ವರ್ಷ ಇದ್ದವರು. ತಂಗಿಯ ಕಾಯಿಲೆ ತಿಳಿದ ವಾರದಲ್ಲೇ ಗಂಡನನ್ನು ಅಲ್ಲಿ ಬಿಟ್ಟು ಬಂದು, ಅಲ್ಲಿಂದೀಚೆಗೆ ಇಲ್ಲೇ ಉಳಿದಿದ್ದಾರೆ. ಊಟ, ಔಷಧಿ, ಕಾರಿನಲ್ಲಿ ಕರೆದುಕೊಂಡು ಹೋಗಿ ಬರುವುದು, ಎಲ್ಲವೂ ಅವರೇ.

"ಅವಳು ಪ್ಯಾಡ್ ಬೇಡ ಅಂದಳಾ?"

"ಹೌದು."

ಅವರು ಕೈಚೀಲದಿಂದ ಒಂದು ಪ್ಯಾಡ್ ತೆಗೆದು ಮೇಜಿನ ಮೇಲಿಟ್ಟರು. ಮೆತ್ತಗಿನ ಬಟ್ಟೆಯಲ್ಲಿ ಹತ್ತಿ ತುಂಬಿ ಅದನ್ನೂ ಕೈಯಲ್ಲೇ ಹೊಲಿದಿದ್ದರು. "ಒಳಗೆ ಅಸ್ತರಿನಲ್ಲಿ ಒಂದು ಚೀಲ ಕೊಟ್ಟು ಇದನ್ನು ಇಟ್ಟುಬಿಡಿ. ಹಾಕಿ ನೋಡಿದ ಮೇಲೆ ಅವಳಿಗೇ ಸರಿ ಅನ್ನಿಸುತ್ತದೆ. ಅವಳು ನಿಲ್ಲುವುದು ಹದಿನೇಳು ವರ್ಷದ ಮಕ್ಕಳ ಎದುರಿಗೆ. ಅವರ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತುಂಟು, ನನಗೂ ಗೊತ್ತುಂಟು. ಅವಳು ಈಗಾಗಲೇ ಪಟ್ಟದ್ದು ಸಾಕು ಮಾರಾಯ್ರೆ."

ಅವರು ಹೇಳಿದ್ದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಇಷ್ಟು ವರ್ಷ ನಾನು ಮಾಡಿದ ಕೆಲಸವೂ ಅದೇ ತಾನೆ? ಒಂದು ಭುಜ ಇಳಿದವರಿಗೆ ಅಲ್ಲಿ ಸ್ವಲ್ಪ ಹತ್ತಿ, ಬೆನ್ನು ಬಾಗಿದವರಿಗೆ ಕುತ್ತಿಗೆಯ ಹತ್ತಿರ ಸ್ವಲ್ಪ ಹೆಚ್ಚು ಬಟ್ಟೆ. ಎರಡು ಬದಿ ಒಂದೇ ಹಾಗೆ ಕಂಡರೆ ಹೊಲಿಗೆ ಚೆನ್ನಾಗಿದೆ ಎನ್ನುತ್ತಾರೆ.

"ಹಾಕುವವರು ಅವರು. ಅವರು ಹೇಳದೆ ಇಡಲಿಕ್ಕೆ ಆಗುವುದಿಲ್ಲ" ಎಂದೆ. "ಹಾಕಿ ನೋಡುವ ದಿನ ನೀವೂ ಬನ್ನಿ."

ಅವರು ಪ್ಯಾಡನ್ನು ಅಲ್ಲೇ ಬಿಟ್ಟು ಹೋದರು.

ಮದುವೆ ರವಿಕೆಗಳ ನಡುವೆ ಸಿಕ್ಕಿದ ಹೊತ್ತಿನಲ್ಲಿ ನಾನು ಸುಲಭದ ದಾರಿ ಹಿಡಿದೆ. ಎದೆಯ ಉಬ್ಬಿಗೆ ಜಾಗ ಕೊಡಲು ಬಟ್ಟೆಯನ್ನು ಚಿವುಟಿ ಹೊಲಿಯುವ ಮಡಿಕೆಗೆ ನಾವು ಡಾರ್ಟ್ ಎನ್ನುತ್ತೇವೆ. ಬಲಬದಿಯ ಡಾರ್ಟನ್ನು ಬಿಚ್ಚಿದೆ, ಹೆಚ್ಚಾದ ಬಟ್ಟೆಯನ್ನು ಕಂಕುಳಿನ ಕೆಳಗಿನ ಹೊಲಿಗೆಯಲ್ಲಿ ಒಳಗೆ ತೆಗೆದುಕೊಂಡೆ. ಲೇಸ್ ಬಿಡಿಸಿದೆ. ಸೊಂಟದ ಬಿಗಿ ತೆಗೆದೆ. ಮೇಜಿನ ಮೇಲೆ ಹರಡಿದಾಗ ಚೆನ್ನಾಗಿಯೇ ಕಂಡಿತು. ಮೇಜಿನ ಮೇಲೆ ಯಾವ ಬಟ್ಟೆಯೂ ಚೆನ್ನಾಗಿಯೇ ಕಾಣುತ್ತದೆ.

ಹಾಕಿ ನೋಡುವ ದಿನ ಅಕ್ಕ ತಂಗಿ ಇಬ್ಬರೂ ಬಂದರು. ಕರೆಂಟ್ ಇರಲಿಲ್ಲ. ಪರದೆಯ ಹಿಂದೆ ಸೆಕೆ ಎಂದು ಬಾಗಿಲು ಹಾಕಿ, ಕಿಟಕಿಯ ಬೆಳಕಿಗೆ ಕನ್ನಡಿ ತಿರುಗಿಸಿದೆ. ಮೇಡಂ ಡ್ರೆಸ್ ಹಾಕಿ ನಿಂತರು. ಒಂದು ಕ್ಷಣದಲ್ಲೇ ತಪ್ಪು ಗೊತ್ತಾಯಿತು. ಕುತ್ತಿಗೆ ಬಲಕ್ಕೆ ಎಳೆದುಕೊಂಡಿತ್ತು. ಬಲಭುಜದ ಕೆಳಗೆ ಬಟ್ಟೆ ಸಡಿಲವಾಗಿ ಜೋತುಬಿದ್ದು ಅಡ್ಡ ಸುಕ್ಕು. ಸೊಂಟದ ಹೊಲಿಗೆ ಎಡದಲ್ಲಿ ಮೇಲೆ, ಬಲದಲ್ಲಿ ಕೆಳಗೆ. ಆ ಚೌಕಳಿಯ ಗೆರೆಗಳು ಬೇರೆ, ಒಂದೊಂದು ಸೊಟ್ಟವನ್ನೂ ಎತ್ತಿ ತೋರಿಸುತ್ತಿದ್ದವು. ಇಲ್ಲದ್ದನ್ನು ಬೆರಳಿಟ್ಟು ತೋರಿಸುವುದು ಎಂದರೆ ಇದೇ.

"ನೋಡು, ಸರಿಯಾಗುವುದಿಲ್ಲ ಇದು" ಎಂದರು ಅಕ್ಕ. ದನಿಯಲ್ಲಿ ಗೆದ್ದ ಭಾವ ಇರಲಿಲ್ಲ, ಬೇಸರವೇ ಇತ್ತು. ಮೇಜಿನ ಮೇಲಿದ್ದ ಪ್ಯಾಡ್ ತೆಗೆದುಕೊಂಡರು. "ಒಂದು ಸಲ, ನನಗೋಸ್ಕರ."

ಮೇಡಂ ಕೈ ಸ್ವಲ್ಪ ಮೇಲೆತ್ತಿ ನಿಂತರು. ಅಕ್ಕ ಕುತ್ತಿಗೆಯಿಂದ ಕೈಹಾಕಿ ಪ್ಯಾಡನ್ನು ಒಳಗಿಟ್ಟು ಸರಿಮಾಡಿದರು, ಮಗುವಿಗೆ ಶಾಲೆಯ ಸಮವಸ್ತ್ರ ಹಾಕುವ ಹಾಗೆ. ಈಗ ಕನ್ನಡಿಯಲ್ಲಿ ಸುಕ್ಕು ಇಲ್ಲ, ಚೌಕಳಿ ನೆಟ್ಟಗೆ, ಸೊಂಟದ ಗೆರೆ ಸಮ. ನಾವು ಮೂವರೂ ನೋಡಿದೆವು. ಅಕ್ಕನ ಕಣ್ಣಿನಲ್ಲಿ ನೀರು ತುಂಬಿತು. ನನಗೂ ಒಳಗೆ ಸಮಾಧಾನ ಆಯಿತು, ಸುಳ್ಳು ಹೇಳುವುದಿಲ್ಲ. ಕೆಲಸ ಮುಗಿಯುತ್ತದಲ್ಲ ಎಂಬ ಸಮಾಧಾನ.

ಮೇಡಂ ಕನ್ನಡಿಯಿಂದ ತಿರುಗಿ ಗೋಡೆಯ ಕಡೆಗೆ ನಿಂತರು. ಬೋರ್ಡಿನ ಮೇಲೆ ಬರೆಯುವ ಹಾಗೆ ಬಲಗೈಯನ್ನು ಎತ್ತಿದರು. ಕೈ ಪೂರ್ತಿ ಹೋಗಲಿಲ್ಲ, ತೋಳು ಕಂಕುಳಲ್ಲಿ ಹಿಡಿದು ಡ್ರೆಸ್ ಇಡೀ ಮೇಲೆ ಬಂತು. ಪ್ಯಾಡ್ ಅದರೊಂದಿಗೇ ಸರಿದು ಭುಜದ ಎಲುಬಿನ ಹತ್ತಿರ ಹೋಗಿ ಕೂತಿತು. ಕೈ ಇಳಿಸಿದ ಮೇಲೂ ಅದು ಇಳಿಯಲಿಲ್ಲ.

"ಒಂದು ಪೀರಿಯಡಿನಲ್ಲಿ ಎಷ್ಟು ಸಲ ಕೈ ಎತ್ತುತ್ತೇನೆ ಗೊತ್ತುಂಟಾ ನಿನಗೆ?" ಎಂದರು ಅಕ್ಕನಿಗೆ.

"ಬೋರ್ಡಿನಲ್ಲಿ ಬರೆಯದಿದ್ದರೆ ಎಂತ? ಕೂತು ಪಾಠ ಮಾಡು. ಯಾರು ಬೇಡ ಅನ್ನುತ್ತಾರೆ?"

"ಬಸ್ಸಿನಲ್ಲಿ? ಪಡುಬಿದ್ರಿಯಲ್ಲಿ ಬಸ್ ಬದಲಿಸಿದ ಮೇಲೆ ಕಾರ್ಕಳಕ್ಕೆ ದಿನಾ ಸೀಟು ಸಿಗುತ್ತದಾ? ಮೇಲಿನ ಸರಳು ಹಿಡಿಯಬೇಡವಾ?"

"ನಾನು ಕಾರಿನಲ್ಲಿ ಬಿಡುತ್ತೇನೆ."

ಮೇಡಂ ನನ್ನ ಕುರ್ಚಿಯಲ್ಲಿ ಕೂತುಬಿಟ್ಟರು. ಕುತ್ತಿಗೆಯಿಂದ ಕೈಹಾಕಿ ಪ್ಯಾಡ್ ತೆಗೆದು ಮಡಿಲಲ್ಲಿಟ್ಟುಕೊಂಡರು. "ನನಗೆ ನೋವಿನಿಂದ ಸುಸ್ತಾಗಿಲ್ಲ ಅಕ್ಕಾ. ಬೇಡ, ಬೇಡ ಅಂತ ಹೇಳಿ ಹೇಳಿ ಸುಸ್ತಾಗಿದೆ. ಆಸ್ಪತ್ರೆಯಲ್ಲಿ ಹೇಳಿದೆ, ಮನೆಯಲ್ಲಿ ಹೇಳಿದೆ, ಈಗ ಟೈಲರ್ ಅಂಗಡಿಯಲ್ಲಿ ಹೇಳುತ್ತಿದ್ದೇನೆ."

ಅಕ್ಕ ಬಾಗಿಲು ತೆರೆದು ಹೊರಗೆ ಹೋದರು. ಮೆಟ್ಟಿಲ ಮೇಲೆ ಕೂತದ್ದು ನನಗೆ ಕಾಣುತ್ತಿತ್ತು. ಕೆಳಗೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು.

ನಾನು ಡ್ರೆಸ್ಸನ್ನೇ ನೋಡುತ್ತಾ ನಿಂತೆ. ಬಲಬದಿಯ ಭುಜದಿಂದ ಸೊಂಟದವರೆಗೆ ಕೈಯಾಡಿಸಿದೆ, ಆಮೇಲೆ ಎಡಬದಿಗೆ. ಆಗ ನನ್ನ ತಲೆಗೆ ಹೋಯಿತು. ನಾನು ಬಲಬದಿಯ ಅಗಲವನ್ನು ಮಾತ್ರ ಕಡಿಮೆ ಮಾಡಿದ್ದೆ. ಉದ್ದವನ್ನು ಮುಟ್ಟಿಯೇ ಇರಲಿಲ್ಲ. ಎಡದಲ್ಲಿ ಬಟ್ಟೆ ಎದೆಯನ್ನು ಹತ್ತಿ ಇಳಿದು ಸೊಂಟಕ್ಕೆ ಬರಬೇಕು. ಬಲದಲ್ಲಿ ಅದು ನೆಟ್ಟಗೆ ಇಳಿಯುತ್ತದೆ, ಹತ್ತುವ ದಾರಿ ಇಲ್ಲ. ದಾರಿ ಕಡಿಮೆ ಇದ್ದಲ್ಲಿ ಅಷ್ಟೇ ಬಟ್ಟೆ ಬಿಟ್ಟರೆ ಜೋತುಬೀಳದೆ ಇನ್ನೇನು? ಒಂದೇ ಅಳತೆ ಕಾಗದವಿಟ್ಟು ಎರಡು ಬದಿಯನ್ನೂ ಕತ್ತರಿಸಿದ ಉಡುಪು ಅದು. ನಾನು ಅದನ್ನು ಅಲ್ಲಿ ಚಿವುಟಿ, ಇಲ್ಲಿ ಎಳೆದು ಸರಿಮಾಡಲು ನೋಡಿದ್ದೆ. ಅದು ಆಗುವ ಕೆಲಸವಲ್ಲ. ಮುಂಭಾಗವನ್ನು ಪೂರ್ತಿ ಬಿಚ್ಚಿ, ಎರಡು ಬೇರೆ ಬೇರೆ ಮೈಗೆ ಹೊಲಿಯುವಂತೆ ಎರಡು ಅಳತೆ ತೆಗೆಯಬೇಕು.

ಗೋಡೆಯಲ್ಲಿ ತೂಗುವ ರವಿಕೆಗಳನ್ನು ನೋಡಿದೆ. ಕುತ್ತಿಗೆ ನೆಟ್ಟಗೆ ಮಾಡಲೂ ಆಗದಷ್ಟು ನೋವು. ಹೇಳದೆ ಸುಮ್ಮನಿದ್ದರೆ ಇವರು ಇದನ್ನು ಮಡಚಿ ಮನೆಗೆ ಕೊಂಡುಹೋಗುತ್ತಿದ್ದರು.

"ಮೇಡಂ, ಇನ್ನೊಮ್ಮೆ ಬರಬೇಕು" ಎಂದೆ. "ಸಂಜೆ ಬನ್ನಿ. ಕೈಗೆ ಬಾವು ಹೆಚ್ಚು ಇರುವ ಹೊತ್ತಿಗೆ. ಇಡೀ ಬಿಚ್ಚುತ್ತೇನೆ."

"ಅಕ್ಕ ಹೊಲಿದದ್ದು ಏನೂ ಉಳಿಯುವುದಿಲ್ಲವಾ?"

"ಮುಂಭಾಗದಲ್ಲಿ ಉಳಿಯುವುದಿಲ್ಲ. ಹಿಂಭಾಗದ ಹೊಲಿಗೆ ಮುಟ್ಟುವುದಿಲ್ಲ."

ಅವರು ಬಾಗಿಲ ಕಡೆಗೆ ನೋಡಿದರು. "ಬಿಚ್ಚಿ" ಎಂದರು.

ಸಂಜೆ ಅವರು ಬಂದಾಗ ಹಳೆಯ ಬಿಳಿ ಪಂಚೆಯೊಂದನ್ನು ಹರಿದು, ತೆಳ್ಳಗಿನ ಒಳ ಅಂಗಿಯ ಮೇಲೆ ನೇರವಾಗಿ ಪಿನ್ ಮಾಡಿದೆ. ಮೊದಲು ಎಡ, ಆಮೇಲೆ ಬಲ. ಎಡದಲ್ಲಿ ಡಾರ್ಟ್ ಇದ್ದಲ್ಲೇ ಇತ್ತು. ಬಲದಲ್ಲಿ ಎದೆಯ ಮಟ್ಟದಲ್ಲಿ ಅಡ್ಡಕ್ಕೆ ಒಂದು ಮಡಿಕೆ ಹಾಕಿ ಹೆಚ್ಚಿನ ಉದ್ದವನ್ನು ತೆಗೆದೆ. ಕೂಡಲೇ ಬಟ್ಟೆ ಮೈಗೆ ಒರಗಿ ಸುಮ್ಮನಾಯಿತು. ಆಮೇಲೆ ತೋಳು. ಬಿಗಿ ಪಟ್ಟಿಯ ಮೇಲಿನಿಂದಲೇ ಅಳತೆ ತೆಗೆದೆ, ಬಲತೋಳಿಗೆ ಬೇರೆಯದೇ ಸುತ್ತು. ಕೈ ಮೇಲೆತ್ತಿಸಿ, ಕಂಕುಳಿನಿಂದ ಸೊಂಟಕ್ಕೆ ಎಷ್ಟು ಬಟ್ಟೆ ಬೇಕಾಗುತ್ತದೆ ಎಂದು ಟೇಪ್ ಹಿಡಿದು ನೋಡಿದೆ. ನಾನು "ಇಳಿಸಿ, ಸಾಕು" ಎಂದರೂ "ಬೇಗ ಬರೆದುಕೊಳ್ಳಿ" ಎಂದು ಹಾಗೇ ಹಿಡಿದಿದ್ದರು.

ಬಿಚ್ಚುವ ಕೆಲಸದಷ್ಟು ಬೇಸರದ್ದು ಇನ್ನೊಂದಿಲ್ಲ. ಮಿಷನ್ ಹೊಲಿಗೆಯಾದರೆ ಒಂದು ಎಳೆ ಹಿಡಿದು ಎಳೆದರೆ ಸರಸರ ಬರುತ್ತದೆ. ಕೈಹೊಲಿಗೆ ಹಾಗಲ್ಲ, ಒಂದೊಂದನ್ನೂ ಬ್ಲೇಡಿನ ಮೂಲೆಯಿಂದ ಎತ್ತಿ ಕತ್ತರಿಸಬೇಕು. ಕೈಮಗ್ಗದ ಎಳೆ ಮೆತ್ತಗೆ, ಸ್ವಲ್ಪ ತಪ್ಪಿದರೆ ಬಟ್ಟೆಯೇ ಹರಿಯುತ್ತದೆ. ಬಿಚ್ಚುತ್ತಾ ಹೋದಂತೆ ಹೊಲಿದ ಕೈಯ ಗುರುತು ಸಿಗುತ್ತಿತ್ತು. ಒಂದೊಂದು ಕಡೆ ಹೊಲಿಗೆ ಸಾಲು ಹಿಡಿದು ನಡೆದಿದೆ, ಒಂದೊಂದು ಕಡೆ ದಾರಿ ತಪ್ಪಿ ದೊಡ್ಡ ದೊಡ್ಡ ಹೆಜ್ಜೆ ಹಾಕಿದೆ. ಅಲ್ಲಿ ದಣಿದಿದ್ದರೋ, ಯಾರಾದರೂ ಕರೆದರೋ. ಬಿಚ್ಚಿದಲ್ಲಿ ಸೂಜಿಯ ತೂತುಗಳ ಸಾಲು ಉಳಿಯಿತು. ನೀರು ಚಿಮುಕಿಸಿ ಉಗುರಿನಿಂದ ಉಜ್ಜಿ ಇಸ್ತ್ರಿ ಹಾಕಿದೆ. ಎಷ್ಟೋ ಮುಚ್ಚಿಕೊಂಡವು, ಪೂರ್ತಿ ಅಲ್ಲ.

ಆ ಹೊತ್ತಿನಲ್ಲಿ ಅಕ್ಕ ಬಂದರು. ಹೇಳಿ ಬಂದದ್ದಲ್ಲ. ಮೇಜಿನ ಮೇಲೆ ಡ್ರೆಸ್ಸಿನ ತುಂಡುಗಳು ಹರಡಿದ್ದವು, ಮೂಲೆಯಲ್ಲಿ ಕತ್ತರಿಸಿದ ದಾರದ ಚೂರುಗಳ ರಾಶಿ. ಅವರು ಒಂದು ತುಂಡನ್ನು ಎತ್ತಿಕೊಂಡರು.

"ನಾನು ಹೊಲಿಗೆ ಕಲಿತವಳಲ್ಲ" ಎಂದರು. "ಅಲ್ಲಿ ಕೂತು ಕೂತು ಕೈಗೆ ಏನಾದರೂ ಬೇಕಿತ್ತು. ಅವಳು ಮೊದಲಿನ ಹಾಗೆ ಆಗಿ ಮನೆಗೆ ಬರುತ್ತಾಳೆ, ಬಂದಾಗ ಹಾಕಲಿಕ್ಕೆ ಅಂತ ಹೊಲಿದೆ. ಅವಳ ಹಳೆಯ ಒಂದು ಡ್ರೆಸ್ ಇಟ್ಟು ಅಳತೆ ತೆಗೆದದ್ದು. ಆಪರೇಶನ್ ಆದ ಮೇಲೂ ಅದೇ ಅಳತೆಯಲ್ಲಿ ಮುಂದುವರಿಸಿದೆ. ಬದಲಿಸಲಿಕ್ಕೆ ನನ್ನಿಂದ ಆಗಲಿಲ್ಲ."

"ಅವರು ಬಂದಿದ್ದಾರಲ್ಲ" ಎಂದೆ.

"ಬಂದಿದ್ದಾಳೆ." ತುಂಡನ್ನು ಇಟ್ಟರು. "ಆದರೆ ನಾನು ಕಾಯುತ್ತಿದ್ದವಳು ಬರಲಿಲ್ಲ. ಹಾಗೆ ಹೇಳಬಾರದು ಅಂತ ನನಗೆ ಗೊತ್ತುಂಟು. ಯಾರ ಹತ್ತಿರವೂ ಹೇಳಲಿಲ್ಲ, ನಿಮ್ಮ ಹತ್ತಿರ ಹೇಳಿದೆ."

ತೋಳಿನ ಅಂಚನ್ನು ಕೈಯಲ್ಲಿ ಹೊಲಿಯಬೇಕಾಗಿತ್ತು, ನನಗೆ ಕುತ್ತಿಗೆ ಬಗ್ಗಿಸಲು ಆಗುತ್ತಿರಲಿಲ್ಲ. "ಇದನ್ನು ನೀವೇ ಹೊಲಿಯುತ್ತೀರಾ?" ಎಂದು ಕೇಳಿದೆ. ಅವರು ಸೂಜಿ ತೆಗೆದುಕೊಂಡರು, ದಾರ ಪೋಣಿಸಿದರು, ಬಲತೋಳಿನ ಆ ತುಂಡನ್ನು ನೋಡುತ್ತಾ ಕೂತರು. ಆಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು "ಆಗುವುದಿಲ್ಲ ಮಾರಾಯ್ರೆ" ಎಂದು ಎದ್ದು ಹೋದರು.

ಮುಂಭಾಗ ಕತ್ತರಿಸುವಾಗ ಹೊಸ ತೊಂದರೆ ಬಂತು. ಬಲಬದಿಯಲ್ಲಿ ನಡುವಿನ ಉದ್ದ ತೆಗೆದ ಮೇಲೆ ಎಡ ಬಲದ ಚೌಕಳಿಗಳು ಎದೆಯ ಮಧ್ಯದಲ್ಲಿ ಒಂದಕ್ಕೊಂದು ಸೇರುವುದಿಲ್ಲ. ಒಂದು ಕಡೆಯ ಗೆರೆ ಮೇಲೆ, ಇನ್ನೊಂದು ಕಡೆಯದು ಕೆಳಗೆ. ಹಾಗೇ ಜೋಡಿಸಿದರೆ ಕಲಿಯದ ಕೈಯ ಕೆಲಸದಂತೆ ಕಾಣುತ್ತದೆ. ಬೇರೆ ಬಟ್ಟೆ ತರೋಣವೆಂದರೆ ಅದೇ ಸೀರೆಯ ಚೌಕಳಿ ಮತ್ತೆಲ್ಲಿ ಸಿಗುತ್ತದೆ? ಒಂದು ದಿನ ಅದನ್ನು ಮುಟ್ಟಲೇ ಇಲ್ಲ. ಕೋಪ ಬಂದು ರವಿಕೆಗಳನ್ನು ಹೊಲಿದೆ. ಸಂಜೆ ಡ್ರೆಸ್ಸಿನ ಕೆಳಭಾಗವನ್ನು ಇಸ್ತ್ರಿ ಮಾಡುವಾಗ ಕೆಂಪು ಅಂಚು ಕೈಗೆ ಬಂತು. ಆ ಅಂಚನ್ನು ಕತ್ತರಿಸಿ ತೆಗೆದು ಎದೆಯ ಮಧ್ಯದಲ್ಲಿ ಕುತ್ತಿಗೆಯಿಂದ ಸೊಂಟಕ್ಕೆ ಬೆರಳಗಲದ ಪಟ್ಟಿಯಾಗಿ ಕೊಟ್ಟರೆ ಎರಡು ಬದಿಯ ಗೆರೆಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಕೆಳಗೆ ಅಂಚು ಇಲ್ಲದೆ ಡ್ರೆಸ್ಸೂ ಸಾದಾ ಆಗುತ್ತದೆ, ಅವರು ಕೇಳಿದ್ದೂ ಅದೇ. ತೋಳಿನ ನೆರಿಗೆ ಬಿಡಿಸಿದಾಗ ಸಾಕಷ್ಟು ಬಟ್ಟೆ ಸಿಕ್ಕಿತ್ತು. ಅದರಲ್ಲಿ ಬಲಕಂಕುಳಿಗೆ ಓರೆಯಾಗಿ ಕತ್ತರಿಸಿದ ನಾಲ್ಕು ಮೂಲೆಯ ತುಂಡೊಂದನ್ನು ಸೇರಿಸಿದೆ. ಓರೆಯ ಬಟ್ಟೆ ಸ್ವಲ್ಪ ಹಿಗ್ಗುತ್ತದೆ, ಕೈ ಎತ್ತಿದರೆ ಉಡುಪನ್ನು ಎಳೆಯುವುದಿಲ್ಲ. ಉಳಿದದ್ದರಲ್ಲಿ ಎರಡು ಜೇಬು. ಒಳಗೆ ಗಾಯದ ಗೆರೆ ಇರುವಲ್ಲಿ ಯಾವ ಹೊಲಿಗೆಯ ಅಂಚೂ ತಾಗದಂತೆ ಹಳೆಯ ಮೆತ್ತಗಿನ ಮಲ್ ಬಟ್ಟೆಯ ಅಸ್ತರು ಕೊಟ್ಟೆ. ತೋಳಿನ ಅಂಚನ್ನು ಕೊನೆಗೆ ನಾನೇ, ಕಿಟಕಿಯ ಹತ್ತಿರ ಕೂತು, ನಿಲ್ಲಿಸಿ ನಿಲ್ಲಿಸಿ ಹೊಲಿದು ಮುಗಿಸಿದೆ.

ಕಾಲೇಜು ಶುರುವಾಗುವ ಮೊದಲಿನ ಶನಿವಾರ ಮೇಡಂ ಬಂದರು. ಒಬ್ಬರೇ ಬಂದಿದ್ದರು. ನಾನು ಅಕ್ಕನ ಬಗ್ಗೆ ಕೇಳಲಿಲ್ಲ.

ಡ್ರೆಸ್ ಹಾಕಿ ಪರದೆಯ ಹಿಂದಿನಿಂದ ಹೊರಗೆ ಬಂದರು. ಕನ್ನಡಿಗಿಂತ ಮೊದಲು ನನ್ನ ಮುಖ ನೋಡಿದರು. ನಾನು ಕುತ್ತಿಗೆ ನೋಡಿದೆ, ಭುಜ ನೋಡಿದೆ, ಸೊಂಟದ ಗೆರೆ ನೋಡಿದೆ. ಎಡಬದಿ ಎಡಬದಿಯ ಹಾಗೆ, ಬಲಬದಿ ಬಲಬದಿಯ ಹಾಗೆ ಇತ್ತು. ಒಂದು ಕಡೆ ಎದೆ ಇಲ್ಲವೆಂದು ನೋಡಿದವರಿಗೆ ಗೊತ್ತಾಗುತ್ತದೆ. ಬಟ್ಟೆ ಮಾತ್ರ ಅದಕ್ಕಾಗಿ ಎಲ್ಲಿಯೂ ಗಲಾಟೆ ಮಾಡುತ್ತಿರಲಿಲ್ಲ.

"ಕೈ ಎತ್ತಿ" ಎಂದು ಬಟ್ಟೆಗೆ ಗುರುತು ಹಾಕುವ ಚಾಕ್ ಕೊಟ್ಟೆ.

ಅವರು ನನ್ನ ಅಂಗಡಿಯ ಹಸಿರು ಗೋಡೆಯ ಮೇಲೆ, ತಲೆಯಿಂದ ಸ್ವಲ್ಪ ಮೇಲೆ, ಹಿಂದೆ ನಮ್ಮ ಕರಾವಳಿ ಆಳಿದ ರಾಜವಂಶದ ಹೆಸರು, 'ಅಳುಪರು' ಎಂದು ಬರೆದರು. ಅದರ ಕೆಳಗೆ ಅವರ ರಾಜಧಾನಿ 'ಬಾರಕೂರು' ಎಂದು ಬರೆದರು. ಒಂದು ಬಾಣದ ಗುರುತು ಹಾಕಿ ಏನೋ ಇಸವಿ ಬರೆಯಲು ಹೋಗಿ ನಿಲ್ಲಿಸಿದರು. ಡ್ರೆಸ್ ಇದ್ದಲ್ಲೇ ಇತ್ತು. ಕೈ ಇಳಿಸಿ, ಎಡಗೈಯಿಂದ ಬಲರಟ್ಟೆಯನ್ನು ಒತ್ತಿಕೊಂಡರು.

"ನೋವಾ?"

"ಅದು ಇರುತ್ತದೆ." ಚಾಕನ್ನು ಹಾಗೇ ಜೇಬಿಗೆ ಹಾಕಿದರು. ಆಮೇಲೆ ನೆನಪಾಗಿ ತೆಗೆದು ನನಗೆ ಕೊಟ್ಟರು. ಈಗ ಕನ್ನಡಿಯ ಎದುರು ಬಹಳ ಹೊತ್ತು ನಿಂತರು. ಅಳಲಿಲ್ಲ, ನಗಲೂ ಇಲ್ಲ. "ಇದು ನನ್ನ ಬಟ್ಟೆ" ಎಂದರು.

ಕಾಲೇಜು ಶುರುವಾದ ವಾರದಲ್ಲಿ ಒಂದು ಸಂಜೆ ಬಸ್ಸಿಳಿದವರು ನೇರ ಮೇಲೆ ಬಂದು ಕುರ್ಚಿಯಲ್ಲಿ ಕೂತು ನೀರು ಕೇಳಿದರು. ಮುಖ ಬಾಡಿತ್ತು. ಮೊದಲ ದಿನ ಎಲ್ಲರೂ ನೋಡಿದರಂತೆ, ಮಕ್ಕಳೂ, ಸ್ಟಾಫ್ ರೂಮಿನವರೂ. ಒಬ್ಬ ಸಹೋದ್ಯೋಗಿ ಹತ್ತಿರ ಬಂದು, ಈಗ ಎಲ್ಲ ಥರದ ಪ್ಯಾಡೂ ಸಿಗುತ್ತದಲ್ಲ, ಯಾಕೆ ಹಾಕಿಲ್ಲ ಎಂದು ಮೆಲ್ಲಗೆ ಕೇಳಿದರಂತೆ.

"ಎಂತ ಹೇಳಿದಿರಿ?"

"ಬೆಲ್ ಆಯಿತು ಅಂದೆ. ಆಗಿತ್ತು ಕೂಡ. ಎರಡನೇ ಪೀರಿಯಡಿಗೆ ಮಕ್ಕಳು ನೋಟ್ಸ್ ಬರೆಯಲಿಕ್ಕೆ ಶುರು ಮಾಡಿದರು. ಆಮೇಲೆ ನನಗೂ ಮರೆತುಹೋಯಿತು." ಗ್ಲಾಸ್ ಇಟ್ಟು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. ನಾನು ಮಿಷನ್ ನಿಲ್ಲಿಸಿದೆ.

ಅಕ್ಕ ಬಂದದ್ದು ಅದಾಗಿ ಬಹಳ ದಿನಗಳ ಮೇಲೆ. ಮದುವೆಯ ಕೆಲಸ ಮುಗಿದು ಸರಿಗೆ ಖಾಲಿಯಾಗಿತ್ತು. ಅವರು ಕೊಡೆಯನ್ನು ಮೂಲೆಗಿಟ್ಟು, ಚೀಲದಿಂದ ಸಾದಾ ಹತ್ತಿ ಬಟ್ಟೆಯ ಒಂದು ತುಂಡು ತೆಗೆದರು, ಮಣ್ಣಿನ ಬಣ್ಣದ್ದು. ಅದರ ಮೇಲೆ ಮಡಚಿದ ಎರಡು ಅಳತೆ ಕಾಗದ.

"ಅವಳಿಗೆ ಇನ್ನೊಂದು ಹೊಲಿಯುವ ಅಂತ" ಎಂದರು. "ಕತ್ತರಿಸುವ ಮೊದಲು ನೀವು ಒಮ್ಮೆ ನೋಡಬೇಕು."

ಕಾಗದಗಳನ್ನು ಮೇಜಿನ ಮೇಲೆ ಬಿಚ್ಚಿ ಹರಡಿದರು. ಮುಂಭಾಗದ ಎರಡು ತುಂಡು. ಒಂದರ ಹಾಗೆ ಇನ್ನೊಂದು ಇರಲಿಲ್ಲ. ಎಡದ್ದಕ್ಕೆ ಡಾರ್ಟ್ ಗುರುತಿತ್ತು. ಬಲದ್ದು ಗಿಡ್ಡ, ನೆಟ್ಟಗೆ, ತೋಳಿನ ತೂತು ಬೇರೆ. ರಬ್ಬರಿನಿಂದ ಉಜ್ಜಿ ಉಜ್ಜಿ ಬಲದ ಕಾಗದ ಅಲ್ಲಲ್ಲಿ ತೆಳ್ಳಗಾಗಿತ್ತು.

"ಅಳತೆ ಯಾರು ತೆಗೆದದ್ದು?"

"ನಾನೇ. ಸಂಜೆ ಹೊತ್ತಿಗೆ ತೆಗೆದೆ, ನೀವು ಅವಳಿಗೆ ಹೇಳಿದ್ದಿರಂತೆ." ಕಾಗದದ ಮಡಿಕೆಯನ್ನು ಅಂಗೈಯಿಂದ ಒತ್ತುತ್ತಾ ಹೇಳಿದರು, "ಇಷ್ಟು ತಿಂಗಳು ಗಾಯಕ್ಕೆ ಡ್ರೆಸಿಂಗ್ ಮಾಡಿದ್ದೇನೆ, ಸ್ನಾನ ಮಾಡಿಸಿದ್ದೇನೆ. ಆದರೆ ಅಲ್ಲಿ ಕಣ್ಣಿಟ್ಟು ನೋಡಿದ್ದು ಮೊನ್ನೆಯೇ."

ನಾನು ಟೇಪ್ ಹಿಡಿದು ಎರಡೂ ಕಾಗದಗಳ ಮೇಲೆ ನಡೆಸಿದೆ. ಭುಜ ಸರಿ ಇತ್ತು. ಉದ್ದ ಸರಿ ಇತ್ತು. ಬಲದ ತೋಳಿನ ತೂತು ಮಾತ್ರ ಸ್ವಲ್ಪ ಬಿಗಿ.

"ಇಲ್ಲಿ ಇನ್ನೊಂದು ಬೆರಳು ಬಿಡಿ" ಎಂದೆ.

ಅವರು ಪೆನ್ಸಿಲ್ ತೆಗೆದು, ಬೆರಳಿಟ್ಟು ನೋಡಿ, ಅಷ್ಟು ಬಿಟ್ಟು ಹೊಸ ಗೆರೆ ಎಳೆದರು.